ಮುಚ್ಚಬೇಕೋ ಬಿಡಬೇಕೋ

ಒಂದು ಮುಚ್ಚಳದಿಂದ ಸಂಸಾರ ಒಡೆಯುತ್ತದೆ ಎಂದು ಯಾರಾದರೂ ಹೇಳಿದ್ದರೆ ನೋಡೋಣಪ್ಪ ಎಂಬಾತ ಹಿಂದಿನ ದಿನದವರೆಗೂ ನಗುತ್ತಿದ್ದ. ಈಗ ನಗುವ ಸ್ಥಿತಿಯಲ್ಲಿ ಅವನಿರಲಿಲ್ಲ.

ರಜೆಯ ದಿನ. ಬೆಳಿಗ್ಗೆ ಅವನ ಹೆಂಡತಿ ಸೊಪ್ಪಿನ ಪಲ್ಯಕ್ಕೆ ಒಗ್ಗರಣೆ ಕೊಟ್ಟು, ಹೆಚ್ಚಿದ ಸೊಪ್ಪನ್ನು ಬಾಣಲೆಗೆ ಸುರಿದು, ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗಿದ್ದಳು. ನೀರು ಕುಡಿಯಲು ಅಡುಗೆಮನೆಗೆ ಬಂದ ಅವನ ತಾಯಿ ಬಾಣಲೆ ಬಾಯಿ ತೆರೆದುಕೊಂಡಿರುವುದನ್ನು ಕಂಡು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಮುಚ್ಚಳ ಮುಚ್ಚಿದರು. ಸೊಸೆ ಬಂದು ತೆಗೆದಳು. ಅತ್ತೆ ಲೋಟ ತೊಳೆದಿಡುವ ನೆವದಲ್ಲಿ ಬಂದು ಮತ್ತೆ ಮುಚ್ಚಿದರು. ಸೊಸೆ ಸೌಟು ಹುಡುಕುವ ನೆವದಲ್ಲಿ ಮತ್ತೆ ತೆಗೆದಳು. ಕೊನೆಗೊಮ್ಮೆ ಇಬ್ಬರ ಕೈಯೂ ಒಟ್ಟಿಗೇ ಮುಚ್ಚಳದ ನೆತ್ತಿಯ ಹಿಡಿಗುಬ್ಬಿಯ ಮೇಲೆ ಬಿತ್ತು. ಅಲ್ಲಿಯವರೆಗೆ ಕೈಯಲ್ಲಿದ್ದ ಜಗಳ ಆಗ ಬಾಯಿಗೆ ಬಂತು.

ಅತ್ತೆಯ ವಾದ ಸರಳವಾಗಿತ್ತು. ಮುಚ್ಚಿ ಬೇಯಿಸಿದರೆ ಸೊಪ್ಪು ಮೆತ್ತಗಾಗುತ್ತದೆ, ಹಲ್ಲಿಲ್ಲದವರಿಗೂ ಒಂದು ತುತ್ತು ಇಳಿಯುತ್ತದೆ. ಸೊಸೆಯ ವಾದವೂ ಸರಳವೇ. ಮುಚ್ಚಿದರೆ ಸೊಪ್ಪು ಹಳೇ ಕಾಲುಚೀಲದ ಬಣ್ಣಕ್ಕೆ ತಿರುಗುತ್ತದೆ, ವಾಸನೆಯೂ ಹೆಚ್ಚುಕಡಿಮೆ ಅದರದ್ದೇ. ಮಾತು ಅಲ್ಲಿಗೆ ನಿಂತಿದ್ದರೆ ಕತೆಯೇ ಇರುತ್ತಿರಲಿಲ್ಲ. ಅದು ಸೊಪ್ಪಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ತವರುಮನೆಗೆ ಹೋಗಿ, ಮದುವೆಯಾದ ಹೊಸದರಲ್ಲಿ ಯಾರೋ ಯಾರಿಗೋ ಅಂದ ಒಂದು ಮಾತನ್ನು ಎಳೆದು ತಂದಿತು. ಅಷ್ಟರಲ್ಲಿ ಬಾಣಲೆಯಲ್ಲಿದ್ದ ಸೊಪ್ಪು ಮುಚ್ಚಿಯೂ ಅಲ್ಲದೆ ಬಿಟ್ಟೂ ಅಲ್ಲದೆ ಕರಕಲಾಯಿತು. ಅದು ಕಸದ ಬುಟ್ಟಿ ಸೇರಿತು. ಅತ್ತೆ ಹೊರಕೋಣೆಯ ಮಂಚ ಸೇರಿದರು, ಸೊಸೆ ಒಳಕೋಣೆ ಸೇರಿದಳು. ಒಲೆ ಆರಿತು.

ನೋಡೋಣಪ್ಪ ಎನ್ನುವುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಅವನು ನೀರು ಸರಬರಾಜು ಕಚೇರಿಯಲ್ಲಿ ದೂರು ಸ್ವೀಕರಿಸುವ ಕಿಟಕಿಯ ಹಿಂದೆ ಕೂರುತ್ತಿದ್ದ. ನೀರು ಬರಲಿಲ್ಲ ಎಂದು ಬಂದವರಿಗೂ, ನೀರು ಮನೆಯೊಳಗೆ ನುಗ್ಗಿತು ಎಂದು ಬಂದವರಿಗೂ ಅವನು ಒಂದೇ ಮೆತ್ತನೆಯ ದನಿಯಲ್ಲಿ ‘ನೋಡೋಣ’ ಎನ್ನುತ್ತಿದ್ದ. ಜನ ಬೈಯುತ್ತಾ ಹೋಗುತ್ತಿದ್ದರು. ಆದರೆ ಹೋಗುತ್ತಿದ್ದರು, ಅದು ಮುಖ್ಯ. ಯಾರ ಪಕ್ಷವನ್ನೂ ಹಿಡಿಯದೆ ಬದುಕಿದರೆ ಯಾರೂ ಹೊಡೆಯುವುದಿಲ್ಲ ಎಂಬುದು ಅವನ ನಂಬಿಕೆ. ಮನೆಯಲ್ಲೂ ಅವನು ಅದೇ ಕಿಟಕಿಯ ಹಿಂದೆಯೇ ಕೂತು ಇಷ್ಟು ವರ್ಷ ದಾಟಿಸಿದ್ದ.

ಈ ಸಲ ದಾಟಲಿಲ್ಲ. ತಾಯಿ ಅವನನ್ನು ಮಂಚದ ಹತ್ತಿರ ಕರೆದು, ಗೋಡೆ ನೋಡುತ್ತಲೇ ಹೇಳಿದರು.

‘ಮುಚ್ಚಬೇಕೋ ಬಿಡಬೇಕೋ, ನೀನೇ ಒಂದು ಮಾತು ಹೇಳಿಬಿಡು. ನನಗೆ ಆ ಪಲ್ಯ ಬೇಕಾಗಿಲ್ಲ. ಈ ಮನೇಲಿ ನನ್ನ ಮಾತು ಒಂದಾದ್ರೂ ನಡೆಯುತ್ತಾ ಅಂತ ಗೊತ್ತಾಗಬೇಕು ಅಷ್ಟೆ. ಇಲ್ಲ ಅಂದ್ರೆ ಸಂಜೆ ಬಸ್ಸಿಗೆ ನಿಮ್ಮಕ್ಕನ ಮನೆಗೆ ಹೋಗ್ತೀನಿ.’

ಒಳಕೋಣೆಗೆ ಹೋದರೆ ಹೆಂಡತಿ ಪೆಟ್ಟಿಗೆ ತೆರೆದು ಸೀರೆ ಮಡಚುತ್ತಿದ್ದಳು. ಅವಳು ಹೇಳಿದ್ದೂ ಅದೇ, ಬಸ್ಸೂ ಅದೇ. ಇಳಿಯುವ ಊರು ಮಾತ್ರ ಅವಳಣ್ಣನದು. ಒಂದು ಸಲ ಹೋದರೆ ಕರೆಯಲು ಬರಬೇಡಿ ಎಂದೂ ಸೇರಿಸಿದಳು. ಅವಳು ಅತ್ತಿದ್ದರೆ ಅವನಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅವಳು ಅಳದೆ ಸೀರೆಯ ಅಂಚಿಗೆ ಅಂಚು ಕೂಡಿಸಿ ನೀಟಾಗಿ ಮಡಚುತ್ತಿದ್ದಳು.

ನೋಡೋಣಪ್ಪ ಅಡುಗೆಮನೆಯಲ್ಲಿ ಬಂದು ನಿಂತ. ಮಧ್ಯಾಹ್ನವಾಗುತ್ತಾ ಬಂದಿತ್ತು, ಯಾರೂ ಒಂದು ತುತ್ತು ತಿಂದಿರಲಿಲ್ಲ. ಮನೆ ಎಂಬುದು ಈ ಇಬ್ಬರೇ. ಅವರಿಬ್ಬರೂ ಹೋದರೆ ಉಳಿಯುವುದು ನಾಲ್ಕು ಗೋಡೆ ಮತ್ತು ತಾನು. ಆಗ ಅವನಿಗೆ ಹೊಳೆದದ್ದು ಇಷ್ಟು: ಸಿಟ್ಟಿನ ಬೇರು ಹಸಿವಿನಲ್ಲಿದೆ. ಆ ಪಲ್ಯವನ್ನು ತಾನೇ ಮಾಡಿ ಇಬ್ಬರ ಮುಂದೂ ಇಟ್ಟರೆ, ಗಂಡಸು ಒಲೆ ಮುಂದೆ ಬೆಂದಿದ್ದಾನೆ ಎಂಬ ಕನಿಕರಕ್ಕಾದರೂ ಇಬ್ಬರೂ ಕರಗಬಹುದು. ಅವನು ಈವರೆಗೆ ಒಲೆಯ ಮೇಲೆ ಮಾಡಿದ ಅತಿ ದೊಡ್ಡ ಸಾಹಸವೆಂದರೆ ನೀರು ಕಾಯಿಸಿದ್ದು. ಆದರೂ ಚೀಲ ಹಿಡಿದು ಹೊರಟ.

ಬೀದಿಯ ಕೊನೆಯಲ್ಲಿ ಸೊಪ್ಪು ಮಾರುವವಳಿಗೆ ಸುದ್ದಿ ಆಗಲೇ ತಲುಪಿತ್ತು. ಅವಳು ಕಟ್ಟು ಕಟ್ಟುವ ಮೊದಲೇ ಮುಚ್ಚಿ ಮಾಡುವುದಕ್ಕೋ ಬಿಟ್ಟು ಮಾಡುವುದಕ್ಕೋ ಎಂದು ವಿಚಾರಿಸಿದಳು. ನೋಡೋಣ ಎಂದ. ಹಾಗಾದರೆ ಎರಡಕ್ಕೂ ಆಗುವಷ್ಟು ತೆಗೆದುಕೊಂಡು ಹೋಗಿ ಎಂದು ಚೀಲದ ಬಾಯಿ ಮುಚ್ಚದಷ್ಟು ತುಂಬಿಸಿ ಕಳಿಸಿದಳು.

ಅಂಗಳದಲ್ಲಿ ಕೂತು ಸೊಪ್ಪು ಬಿಡಿಸತೊಡಗಿದ. ಕಣ್ಣು ಸೊಪ್ಪಿನ ಮೇಲಿತ್ತು, ಕಿವಿಯೆಲ್ಲ ಒಳಕೋಣೆಯಲ್ಲಿತ್ತು. ಪೆಟ್ಟಿಗೆಯ ಜಿಪ್ಪು ಸರ್ರೆಂದಾಗಲೆಲ್ಲ ಅವನ ಎದೆ ಸರ್ರೆನ್ನುತ್ತಿತ್ತು. ಅರ್ಧ ಎಳೆದು ನಿಂತಿತೋ, ಪೂರ್ತಿ ಎಳೆದಳೋ ಎಂದು ಕಿವಿಗೊಟ್ಟು ಕೂತಿದ್ದಾಗ ಎಡಗಡೆ ಮನೆಯ ನರ್ಸಮ್ಮ ಗೋಡೆಯ ಮೇಲಿಂದ ಇಣುಕಿದರು. ಅವರು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ನಿದ್ದೆ ಮಾಡಬೇಕಾದವರು. ಆದರೆ ಅಕ್ಕಪಕ್ಕದಲ್ಲಿ ಜಗಳವಿದ್ದ ದಿನ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ.

‘ಏನ್ರೀ ಮಾಡ್ತಿದ್ದೀರಿ? ಬೇರೆಲ್ಲ ಪಾತ್ರೆಗೆ ಹಾಕಿ ಎಲೆಯೆಲ್ಲ ಕಸಕ್ಕೆ ಹಾಕ್ತಿದ್ದೀರಲ್ಲ.’

ನೋಡೋಣಪ್ಪ ನೋಡಿದ. ನಿಜವಾಗಿಯೂ ಪಾತ್ರೆಯ ತುಂಬ ಮಣ್ಣು ಮೆತ್ತಿದ ಬೇರುಗಳು ಶಿಸ್ತಾಗಿ ಮಲಗಿದ್ದವು. ಅವನಿಗೆ ಅಳುವೇ ಬಂತು. ನರ್ಸಮ್ಮ ಚಪ್ಪಲಿ ಮೆಟ್ಟಿ ಬಂದೇ ಬಿಟ್ಟರು. ಬಂದವರು ಎಲೆಗಳನ್ನು ಕಸದಿಂದ ಆಯ್ದು, ಏಳೆಂಟು ನೀರಿನಲ್ಲಿ ತೊಳೆಸಿ, ಪಲ್ಯವನ್ನು ಮುಚ್ಚಿಯೇ ಬೇಯಿಸಬೇಕು, ಇಲ್ಲದಿದ್ದರೆ ಸತ್ವವೆಲ್ಲ ಹಬೆಯಲ್ಲಿ ಹಾರಿಹೋಗಿ ಉಳಿಯುವುದು ಬರೀ ಹುಲ್ಲು ಎಂದು ತೀರ್ಪು ಕೊಟ್ಟರು.

ಈ ತೀರ್ಪು ಬಲಗಡೆ ಮನೆಗೆ ಕೇಳಿಸಿತು. ಅಲ್ಲಿ ನಿವೃತ್ತ ಹೆಡ್‌ಮಾಷ್ಟರರಿದ್ದರು. ವಿಜ್ಞಾನ ಕಲಿಸಿದವರು. ಶಾಲೆ ಬಿಟ್ಟ ಮೇಲೂ ಕಲಿಸುವ ಚಟ ಬಿಟ್ಟಿರಲಿಲ್ಲ. ಬಿಳಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಅವರು ಬಂದು, ಹಸಿರು ಸೊಪ್ಪಿನಿಂದ ಹುಳಿ ಹಬೆ ಏಳುತ್ತದೆ, ಅದನ್ನು ಮುಚ್ಚಿ ಕೂಡಿಹಾಕಿದರೆ ಬಣ್ಣ ಸಾಯುತ್ತದೆ, ಆದ್ದರಿಂದ ಬಾಣಲೆ ತೆರೆದೇ ಇರಬೇಕು ಎಂದು ವಿವರಿಸಿದರು. ನರ್ಸಮ್ಮನಿಗೂ ಹೆಡ್‌ಮಾಷ್ಟರರಿಗೂ ಚರಂಡಿಯ ವಿಷಯದಲ್ಲಿ ಹಳೇ ಲೆಕ್ಕವಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ, ನೋಡೋಣಪ್ಪನನ್ನು ನಡುವೆ ಇಟ್ಟುಕೊಂಡು ಅಡುಗೆಮನೆ ಹೊಕ್ಕರು. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಬೇಡ ಎನ್ನುವುದು ಅವನಿಗೆ ಅಭ್ಯಾಸವಿದ್ದರೆ ತಾನೆ?

ಎಣ್ಣೆ ಕಾದು ಹೊಗೆಯಾಡಿತು. ಸಾಸಿವೆ ಎಷ್ಟು ಎಂದು ಕೇಳಿದ್ದಕ್ಕೆ ಇಬ್ಬರೂ ಸ್ವಲ್ಪ ಎಂದರು. ಅವನ ಸ್ವಲ್ಪ ಅಂಗೈ ತುಂಬ ಇತ್ತು. ಅದು ಒಮ್ಮೆಗೇ ಸಿಡಿದು ಅಡುಗೆಮನೆಯಲ್ಲಿ ಆಲಿಕಲ್ಲು ಬಿದ್ದಂತಾಯಿತು. ಮುಚ್ಚಳವೇ ಕೂಡದು ಎನ್ನುತ್ತಿದ್ದ ಹೆಡ್‌ಮಾಷ್ಟರರು ಮೊದಲು ಕೈಗೆತ್ತಿಕೊಂಡದ್ದೇ ಮುಚ್ಚಳವನ್ನು. ಅದನ್ನು ಗುರಾಣಿಯಂತೆ ಮುಖಕ್ಕೆ ಹಿಡಿದು ಮೂಲೆಗೆ ಸರಿದರು. ಬಿಳಿ ಅಂಗಿಯ ಮುಂಭಾಗದ ತುಂಬ ಎಣ್ಣೆಯ ಹನಿ. ನರ್ಸಮ್ಮ, ಈಗ ಬಣ್ಣ ಸಾಯುವುದಿಲ್ಲವೇ ಎಂದು ನೋಡೋಣಪ್ಪನನ್ನು ಕೇಳಿದರು. ಹೆಡ್‌ಮಾಷ್ಟರರು, ಸಾಸಿವೆ ಸೊಪ್ಪಲ್ಲ ಎಂದು ನೋಡೋಣಪ್ಪನಿಗೆ ಹೇಳಿದರು. ನೋಡೋಣಪ್ಪ ಬೆಳ್ಳುಳ್ಳಿ ಹಾಕಿದ. ಅದು ಕಪ್ಪಾಯಿತು. ಒಣಮೆಣಸಿನಕಾಯಿ ಹಾಕಿದ. ಮೂವರೂ ಕೆಮ್ಮಿದರು. ಹೊರಕೋಣೆಯಿಂದ ತಾಯಿಯ ಕೆಮ್ಮು, ಒಳಕೋಣೆಯಿಂದ ಹೆಂಡತಿಯ ಕೆಮ್ಮು ಒಟ್ಟಿಗೇ ಕೇಳಿಸಿತು. ಬೆಳಗಿನಿಂದ ಅವರಿಬ್ಬರೂ ಒಟ್ಟಾಗಿ ಮಾಡಿದ್ದು ಅದೊಂದೇ.

ಸೊಪ್ಪು ಬಾಣಲೆಯಲ್ಲಿ ಹಿಡಿಸಲಿಲ್ಲ. ಹುಲ್ಲು ಹೇರಿದ ಗಾಡಿಯ ಹಾಗೆ ಗೋಪುರವಾಗಿ ನಿಂತು ಅಂಚುಗಳಿಂದ ಒಲೆಗೆ ಉದುರತೊಡಗಿತು. ನರ್ಸಮ್ಮ ಇದೇ ಸಮಯವೆಂದು ಮುಚ್ಚಳವನ್ನು ಕಸಿದುಕೊಂಡು ಗೋಪುರದ ಮೇಲಿಟ್ಟು ಎರಡೂ ಕೈಯಿಂದ ಒತ್ತಿದರು. ಹೆಡ್‌ಮಾಷ್ಟರರು ಎತ್ತಿದರು. ಹಬೆ ಅವರ ಕನ್ನಡಕಕ್ಕೆ ಅಡರಿ ಏನೂ ಕಾಣದಾಯಿತು. ಕಾಣದ ಕೈಯಿಂದಲೇ ಅವರು ಮುಚ್ಚಳ ಹಿಡಿದಿದ್ದರು, ನರ್ಸಮ್ಮನೂ ಬಿಡಲಿಲ್ಲ. ಒಬ್ಬರು ಮುಚ್ಚುವುದು, ಒಬ್ಬರು ತೆಗೆಯುವುದು. ಬೆಳಗಿನ ಆಟವೇ ಬೇರೆ ಪಾತ್ರಧಾರಿಗಳಿಂದ ಮತ್ತೆ ಶುರುವಾಯಿತು. ಕೊನೆಗೆ ಗುಬ್ಬಿ ಕಿತ್ತು ನರ್ಸಮ್ಮನ ಕೈಗೆ ಬಂತು, ಮುಚ್ಚಳ ನೆಲಕ್ಕೆ ಬಿದ್ದು ಗಿರಗಿರನೆ ತಿರುಗಿ ಮಲಗಿತು.

ಆ ಸದ್ದಿಗೆ ಎಲ್ಲರೂ ಬಾಣಲೆಯ ಕಡೆ ನೋಡಿದರು. ಸೊಪ್ಪಿರಲಿಲ್ಲ.

ಗೋಪುರ ಹೋಗಿ ಬಾಣಲೆಯ ತಳದಲ್ಲಿ ಒಂದು ಹಿಡಿಯಷ್ಟು ಏನೋ ಮುದುಡಿ ಕೂತಿತ್ತು. ಸೊಪ್ಪು ಬೆಂದರೆ ಇಳಿಯುತ್ತದೆ ಎಂದು ತಿಳಿಯದ ನೋಡೋಣಪ್ಪ ಬಗ್ಗಿ ಒಲೆಯ ಹಿಂದೆ, ಕಟ್ಟೆಯ ಕೆಳಗೆ ಹುಡುಕಿದ. ಯಾರಾದರೂ ತೆಗೆದಿಟ್ಟಿರಾ ಎಂದು ಮೆಲ್ಲಗೆ ಕೇಳಿದ. ನರ್ಸಮ್ಮ ಅವನ ಭುಜ ತಟ್ಟಿ, ಅಷ್ಟೇ ಕಣ್ರೀ ಅದು, ಎಂದರು. ಆಸ್ಪತ್ರೆಯಲ್ಲಿ ಬಂಧುಗಳಿಗೆ ಸುದ್ದಿ ಹೇಳುವಾಗಲೂ ಅವರ ದನಿ ಹಾಗೆಯೇ ಇರುತ್ತಿತ್ತೇನೋ.

ಇದ್ದದ್ದು ಒಂದು ಹಿಡಿ. ಒಂದು ಪಕ್ಕ ಎಲೆಹಸಿರು, ಇನ್ನೊಂದು ಪಕ್ಕ ಕಾಲುಚೀಲ. ನಡುನಡುವೆ ಬೆಳ್ಳುಳ್ಳಿಯ ಇದ್ದಿಲು. ನೋಡೋಣಪ್ಪ ಅದನ್ನು ಎರಡು ತಟ್ಟೆಗೆ ಸಮನಾಗಿ ಹಂಚಿದ. ಹಂಚುವುದು ಮಾತ್ರ ಅವನಿಗೆ ಚೆನ್ನಾಗಿ ಬರುತ್ತಿತ್ತು. ಬಾಣಲೆಗೆ ಅಂಟಿಕೊಂಡಿದ್ದಷ್ಟನ್ನು ತನಗೆಂದು ಬಿಟ್ಟ.

ಬಸ್ಸಿನ ಹೊತ್ತು ಹತ್ತಿರವಾಗಿತ್ತು. ತಾಯಿ ಬಟ್ಟೆಯ ಚೀಲ ಹಿಡಿದು, ಹೆಂಡತಿ ಪೆಟ್ಟಿಗೆ ಹಿಡಿದು ಎರಡು ಬಾಗಿಲಿನಿಂದ ನಡುಮನೆಗೆ ಬಂದರು. ತಟ್ಟೆಗಳನ್ನು ಕಂಡು ಇಬ್ಬರೂ ನಿಂತರು. ಅವನ ಸುಟ್ಟ ಬೆರಳು, ಕೆಂಪಾದ ಕಣ್ಣು, ಅಂಗಿಯ ಮೇಲಿನ ಮಸಿ ನೋಡಿದರು. ಬೆನ್ನಿಗೆ ಬೆನ್ನು ಮಾಡಿ ಕೂತರು. ತಾಯಿ ತಟ್ಟೆಗೆ ಕೈ ಹಾಕುವ ಮುನ್ನ ಕೇಳಿದರು.

‘ಮುಚ್ಚಿ ಮಾಡಿದ್ದೋ, ಬಿಟ್ಟು ಮಾಡಿದ್ದೋ?’

ನೋಡೋಣ ಎನ್ನಲು ತುಟಿ ತೆರೆದ. ಹೆಂಡತಿ ತಿರುಗಿ ನೋಡಿದಳು. ಮುಚ್ಚಳ ತೊಳೆದು ಬಂದು ಹೇಳುತ್ತೇನೆ ಎಂದು, ಗುಬ್ಬಿಯಿಲ್ಲದ ಆ ಬೋಳು ಮುಚ್ಚಳವನ್ನು ಎತ್ತಿಕೊಂಡು ಹಿತ್ತಲ ನಲ್ಲಿಗೆ ಓಡಿದ. ನರ್ಸಮ್ಮನೂ ಹೆಡ್‌ಮಾಷ್ಟರರೂ ಅಡುಗೆಮನೆಯ ಬಾಗಿಲಲ್ಲೇ ಉಳಿದರು. ಅವರನ್ನು ಅಲ್ಲಿಂದ ಕದಲಿಸುವುದು ಯಾರಿಂದಲೂ ಆಗುವಂತಿರಲಿಲ್ಲ.

ನಲ್ಲಿಯ ಕೆಳಗೆ ಮುಚ್ಚಳ ಹಿಡಿದು ನೋಡೋಣಪ್ಪ ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಪಕ್ಷ ಹಿಡಿಯಲು ಕೂತ. ಹೆಂಡತಿಗೆ ಅಣ್ಣನಿದ್ದಾನೆ, ಸಿಟ್ಟಿದೆ, ಸಿಟ್ಟಿಳಿದರೆ ತಿರುಗಿ ಬರಲು ಕಾಲಲ್ಲಿ ಬಲವಿದೆ. ಬಾಗಿಲಲ್ಲಿ ಕೂತು ಬೇಡಿಕೊಂಡರೆ ಬಂದಾಳು. ಅಮ್ಮ? ಅಮ್ಮ ಈ ವಯಸ್ಸಿನಲ್ಲಿ ಚೀಲ ಹಿಡಿದು ಬಸ್ಸಿನ ಮೆಟ್ಟಿಲು ಹತ್ತುವುದನ್ನು ನೆನೆದುಕೊಂಡ. ಚಿಕ್ಕಂದಿನಲ್ಲಿ ತಾನು ತಿನ್ನಲಿ ಎಂದು ಅವರು ಅದೇ ಮೆತ್ತನೆಯ ಸೊಪ್ಪನ್ನು ಬೆರಳಿನಿಂದ ಹಿಸುಕಿ ಹಿಸುಕಿ ಇಟ್ಟಿದ್ದರು. ಈಗ ಅವರ ಹಲ್ಲಿಗೆ ಬೇಕಾದದ್ದೂ ಅಷ್ಟೇ ಮೆತ್ತಗಿನ ಒಂದು ತುತ್ತು. ಅದನ್ನು ಕೊಡಿಸಲಾರದ ಮಗ ಇದ್ದರೇನು, ಬಿಟ್ಟರೇನು. ಅವನ ಕಣ್ಣಲ್ಲಿ ನೀರು ಬಂತು. ಈ ಸಲ ಅದು ಮೆಣಸಿನಕಾಯಿಯದಲ್ಲ.

ಹೇಳಿಬಿಡುತ್ತೇನೆ ಎಂದು ನಿರ್ಧರಿಸಿದ. ಹೆಂಡತಿ ಏನೆಂದರೂ ಸರಿ. ಮುಚ್ಚಳವನ್ನು ಎದೆಗೆ ಒತ್ತಿಕೊಂಡು, ಮಾತನ್ನು ತುಟಿಯಲ್ಲಿ ಮತ್ತೆ ಮತ್ತೆ ಮಸೆದುಕೊಂಡು ಒಳಗೆ ಬಂದ.

ನಡುಮನೆಯಲ್ಲಿ ಏನೋ ಮಾತು ನಡೆಯುತ್ತಿತ್ತು. ಅವನು ಬಂದೊಡನೆ ನಿಂತಿತು. ಎರಡು ತಟ್ಟೆಯೂ ಖಾಲಿಯಾಗಿದ್ದವು. ಅದನ್ನು ಕಂಡು ಅವನಿಗೆ ಇನ್ನಷ್ಟು ಧೈರ್ಯ ಬಂತು. ಯಾರ ಮುಖವನ್ನೂ ನೋಡುವುದು ಬೇಡವೆಂದು ಕಣ್ಣು ಮುಚ್ಚಿಕೊಂಡ.

‘ಇನ್ಮೇಲೆ ಈ ಮನೇಲಿ ಸೊಪ್ಪು ಮುಚ್ಚೇ ಬೇಯಿಸಬೇಕು. ಇದು ನನ್ನ ಮಾತು. ಯಾರು ಏನಂದ್ರೂ ಬದಲಾಗಲ್ಲ.’

ಕಣ್ಣು ತೆರೆದಾಗ ತಾಯಿಯ ಮುಖ ಸಣ್ಣದಾಗಿತ್ತು.

‘ಆಯ್ತಪ್ಪ’ ಎಂದರು. ‘ಹೆಂಡತಿ ಮಾತೇ ನಿನಗೆ ದೊಡ್ಡದಾಯ್ತು. ನಾನು ಅಷ್ಟು ಹೇಳಿದ್ರೂ ನನ್ನ ಮಾತಿಗೆ ಮಾತ್ರ ಬೆಲೆ ಇಲ್ಲ.’

ನೋಡೋಣಪ್ಪನಿಗೆ ಒಂದೂ ಅರ್ಥವಾಗಲಿಲ್ಲ. ತಾನು ಹೇಳಿದ್ದು ಅಮ್ಮನ ಮಾತನ್ನೇ ಅಲ್ಲವೇ ಎಂದು ತೊದಲಿದ. ಆಗ ನರ್ಸಮ್ಮ ಬಾಗಿಲಿನಿಂದಲೇ, ಬೇಸರದ ದನಿಯಲ್ಲಿ, ಅವನು ನಲ್ಲಿಯ ಹತ್ತಿರವಿದ್ದಾಗ ನಡೆದದ್ದನ್ನು ತಿಳಿಸಿದರು.

ಅವನು ಮಾಡಿದ ಪಲ್ಯವನ್ನು ಬಾಯಿಗಿಟ್ಟ ಕೂಡಲೇ ಇಬ್ಬರ ಮನಸ್ಸೂ ಕರಗಿತ್ತಂತೆ. ಅತ್ತೆ ತಿರುಗಿ ಸೊಸೆಯ ಕೈ ಹಿಡಿದು, ತಪ್ಪು ನನ್ನದೇ ಕಣಮ್ಮ, ಇನ್ನು ಮೇಲೆ ನಿನಗೆ ಬೇಕಾದ ಹಾಗೆ ಬಿಟ್ಟೇ ಮಾಡು, ನಾನು ಮುಚ್ಚಳದ ತಂಟೆಗೇ ಬರುವುದಿಲ್ಲ ಎಂದರಂತೆ. ಸೊಸೆ ಅತ್ತುಬಿಟ್ಟಳಂತೆ. ಅತ್ತವಳು, ಅದು ಹೇಗಾಗುತ್ತದೆ, ನಿಮ್ಮ ಹಲ್ಲಿನ ಬಗ್ಗೆ ನಾನು ಯೋಚಿಸಲೇ ಇಲ್ಲ, ಇನ್ನು ಮೇಲೆ ಮುಚ್ಚಿಯೇ ಮಾಡುತ್ತೇನೆ ಎಂದಳಂತೆ. ಅತ್ತೆ ಬೇಡ ಎಂದರು. ಸೊಸೆ ಇಲ್ಲ ಎಂದಳು. ನಾನು ಬಿಟ್ಟುಕೊಟ್ಟಾಯಿತು ಎಂದು ಅವರು, ನೀವು ಬಿಟ್ಟುಕೊಡಲು ನಾನು ಬಿಡುವುದಿಲ್ಲ ಎಂದು ಇವಳು. ಬೆಳಿಗ್ಗೆ ಗೆಲ್ಲಲು ಹೋರಾಡಿದ್ದಕ್ಕಿಂತ ಜೋರಾಗಿ ಇಬ್ಬರೂ ಸೋಲಲು ಹೋರಾಡುತ್ತಿದ್ದರು. ಮಾತು ಬಿಸಿಯೇರಿ, ಕೊನೆಗೆ ಅವನೇ ಬಂದು ಹೇಳಲಿ ಎಂದು ಇಬ್ಬರೂ ಒಪ್ಪಿದಾಗಲೇ ಅವನು ಒಳಗೆ ಬಂದದ್ದು.

‘ನೋಡಿ ಅತ್ತೆ, ಅವರೂ ಮುಚ್ಚೇ ಮಾಡು ಅಂತಾರೆ’ ಎಂದು ಹೆಂಡತಿ ಸಮಾಧಾನದ ದನಿಯಲ್ಲಿ ಹೇಳಿದಳು. ಅದು ಉರಿಯುವ ಬೆಂಕಿಗೆ ಎಣ್ಣೆ ಸುರಿದಂತಾಯಿತು. ವಯಸ್ಸಾದವಳು ತಾನಾಗಿ ತಗ್ಗಿ ಒಂದು ಮಾತು ಕೊಟ್ಟರೆ ಅದನ್ನೂ ಗಂಡಹೆಂಡಿರು ಸೇರಿ ತಳ್ಳಿಹಾಕುವ ಮನೆಯಲ್ಲಿ ತನಗೇನು ಕೆಲಸ ಎಂದು ಹೇಳಿ ತಾಯಿ ಚೀಲ ಎತ್ತಿಕೊಂಡರು. ನೋಡೋಣಪ್ಪ ಗಾಬರಿಯಿಂದ, ಹಾಗಾದರೆ ಬಿಟ್ಟೇ ಮಾಡೋಣಮ್ಮ ಎಂದ. ಯಾರು ಏನಂದರೂ ಬದಲಾಗುವುದಿಲ್ಲ ಎಂದವನು ನೀನೇ ಅಲ್ಲವೇ ಎಂದು ಅವರು ಮೆಟ್ಟಿಲಿಳಿದರು.

ಹೆಂಡತಿ ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ಬೆಳಗಿನದಕ್ಕಿಂತ ಕೆಟ್ಟ ಸಿಟ್ಟಿತ್ತು.

‘ಇಷ್ಟು ವರ್ಷ ಬಾಯಿ ಬಿಡದವರು ಇವತ್ತೇ ಬಿಡಬೇಕಿತ್ತಾ? ಇನ್ನೊಂದು ಗಳಿಗೆ ಸುಮ್ಮನಿದ್ದಿದ್ರೆ ನಾನು ಅವರನ್ನ ಒಪ್ಪಿಸ್ತಿದ್ದೆ.’

ಅವಳೂ ಪೆಟ್ಟಿಗೆ ಎತ್ತಿಕೊಂಡಳು. ಎಲ್ಲಿಗೆ ಎಂದು ಕೇಳಿದ. ಅತ್ತೆಯನ್ನು ಒಬ್ಬರನ್ನೇ ಬಸ್ಸು ಹತ್ತಿಸಲು ಆಗುತ್ತದೆಯೇ, ಅವನಕ್ಕನ ಮನೆಯವರೆಗೂ ತಾನೂ ಹೋಗುತ್ತೇನೆ ಎಂದಳು. ಯಾವಾಗ ಬರುತ್ತೀಯ ಎಂದು ಕೇಳಿದ. ಅತ್ತೆ ಬರೋಣ ಅಂದಾಗ ಎಂದಳು. ಅತ್ತೆ ಯಾವಾಗ ಅನ್ನುತ್ತಾರೆ ಎಂದು ಕೇಳಲು ಅವನಿಗೆ ಧೈರ್ಯವಾಗಲಿಲ್ಲ. ಬೀದಿಯಲ್ಲಿ ಇಬ್ಬರೂ ಒಬ್ಬರ ಕೈಯಿಂದ ಒಬ್ಬರು ಸಾಮಾನು ಕಿತ್ತುಕೊಳ್ಳುತ್ತಾ ಹೋಗುತ್ತಿದ್ದರು. ಅತ್ತೆ ಚೀಲ ಹೊರುವುದು ಬೇಡವೆಂದು ಸೊಸೆ, ಸೊಸೆಗೆ ಎರಡೆರಡು ಹೊರೆ ಬೇಡವೆಂದು ಅತ್ತೆ. ಬಸ್ಸು ಬಂದು ಇಬ್ಬರನ್ನೂ ಹತ್ತಿಸಿಕೊಂಡು ಹೋಯಿತು.

ಹೆಡ್‌ಮಾಷ್ಟರರು ಕನ್ನಡಕ ಒರೆಸಿಕೊಳ್ಳುತ್ತಾ, ಬಿಟ್ಟು ಮಾಡಬೇಕು ಎಂದು ಹೇಳಿದ್ದರೆ ಏನೂ ಆಗುತ್ತಿರಲಿಲ್ಲ ಎಂದರು. ಹಾಗೆಂದಿದ್ದರೆ ಸೊಸೆಯ ಮಾತು ತಳ್ಳಿದಂತಾಗಿ ಅವಳು ಮೊದಲು ಹೋಗುತ್ತಿದ್ದಳು, ಅವಳನ್ನು ಕರೆತರಲು ಅತ್ತೆ ಹಿಂದೆ ಹೋಗುತ್ತಿದ್ದರು ಎಂದು ನರ್ಸಮ್ಮ ಹೇಳಿದರು. ಅದೂ ನಿಜವಿರಬಹುದು ಎಂದು ಹೆಡ್‌ಮಾಷ್ಟರರು ಒಪ್ಪಿದರು. ಆ ವಠಾರದಲ್ಲಿ ಅವರಿಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದು ಅದೇ ಮೊದಲು. ಮಾತಾಡಿಕೊಳ್ಳುತ್ತಲೇ ತಮ್ಮ ತಮ್ಮ ಮನೆಗೆ ಹೋದರು.

ನೋಡೋಣಪ್ಪ ಅಡುಗೆಮನೆಯ ನೆಲದ ಮೇಲೆ ಕೂತ. ಹೊಟ್ಟೆ ಚುರುಗುಟ್ಟುತ್ತಿತ್ತು. ಬಾಣಲೆಯಲ್ಲಿ ಅಂಟಿಕೊಂಡಿದ್ದ ಪಲ್ಯವನ್ನು ಬೆರಳಿನಿಂದ ಕೆರೆದು ಬಾಯಿಗಿಟ್ಟುಕೊಂಡ. ಅಗಿದ. ಮತ್ತೆ ಅಗಿದ. ಆಮೇಲೆ ಅಗಿಯುವುದನ್ನು ನಿಲ್ಲಿಸಿದ.

ಪಲ್ಯಕ್ಕೆ ಉಪ್ಪೇ ಬಿದ್ದಿರಲಿಲ್ಲ. ಅಷ್ಟು ಜನ ಸೇರಿ, ಅಷ್ಟು ಹೊತ್ತು, ಮುಚ್ಚುವುದನ್ನೂ ತೆಗೆಯುವುದನ್ನೂ ಬಿಟ್ಟು ಬೇರೇನನ್ನೂ ಯೋಚಿಸಿರಲಿಲ್ಲ. ನಡುಮನೆಯಲ್ಲಿ ಬೆರಳಿನಿಂದ ಒರೆಸಿ ತಿಂದಂತೆ ಖಾಲಿಯಾಗಿದ್ದ ಎರಡು ತಟ್ಟೆಗಳು ಅಲ್ಲೇ ಇದ್ದವು. ತಾಯಿಯಾಗಲಿ ಹೆಂಡತಿಯಾಗಲಿ ಉಪ್ಪಿನ ಬಗ್ಗೆ ಅವನಿಗೆ ಒಂದು ಮಾತೂ ಅಂದಿರಲಿಲ್ಲ. ಅವನು ಎದ್ದು ಬಾಗಿಲಿಗೆ ಬಂದು ನೋಡಿದ. ಬೀದಿಯಲ್ಲಿ ಬಸ್ಸಿನ ಧೂಳೂ ಇಳಿದುಹೋಗಿತ್ತು.